ಮೈಕ್ರೋಕಂಟ್ರೋಲರ್‌ನಿಂದ 25 ಮೇನ್ಸ್ ಬಲ್ಬ್ ಕುಣಿಸುವುದು ಹೇಗೆ?

ಐದು ಸಾಲು, ಸಾಲಿಗೆ ಐದು ಬಲ್ಬ್. ಎಲ್‌ಇಡಿ ಡಿಸ್‌ಪ್ಲೇ ಥರ ಅಡ್ಡಕ್ಕೆ ಐದು, ಉದ್ದಕ್ಕೆ ಐದು ವೈರ್ ಎಳೆದು ಮೈಕ್ರೋಕಂಟ್ರೋಲರ್‌ನ ಹತ್ತೇ ಪಿನ್‌ನಲ್ಲಿ ಮುಗಿಸೋಣ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಮೇನ್ಸ್‌ನಲ್ಲಿ, ಅಂದರೆ ಮನೆಯ ಎಸಿ ಕರೆಂಟ್‌ನಲ್ಲಿ, ಇದು ನಡೆಯುವುದಿಲ್ಲ. ಎಲ್‌ಇಡಿ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ, ಫಿಲಮೆಂಟ್ ಬಲ್ಬ್ ಎರಡೂ ಕಡೆಗೆ. ಹಾಗಾಗಿ ಕರೆಂಟ್ ಅಕ್ಕಪಕ್ಕದ ಬಲ್ಬ್‌ಗಳ ಮೂಲಕ ನುಸುಳಿ, ಆಫ್ ಇರಬೇಕಾದವೂ ಮಂಕಾಗಿ ಉರಿಯುತ್ತವೆ. ಜೊತೆಗೆ ಟ್ರಯಾಕ್ (ಎಸಿ ಕರೆಂಟನ್ನು ಆನ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಒಮ್ಮೆ ಆನ್ ಆದರೆ ಎಸಿ ಸೊನ್ನೆಗೆ ಬರುವ ತನಕ ಬಿಡುವುದಿಲ್ಲ. 50 ಹರ್ಟ್ಸ್‌ನಲ್ಲಿ ಅದು 10 ಮಿಲಿಸೆಕೆಂಡಿಗೊಮ್ಮೆ. ಐದು ಸಾಲು ಸುತ್ತಿ ಬರಲು 50 ಆಯಿತು, ಮಿಣುಕು ಕಣ್ಣಿಗೆ ಹೊಡೆಯುತ್ತದೆ.

ಬಲ್ಬ್‌ಗೊಂದು ಟ್ರಯಾಕ್ ಹಾಕಿ. ಬಿಟಿ136-600 ಸಾಕು, 40 ವ್ಯಾಟ್ ಬಲ್ಬ್‌ಗೆ ಹೀಟ್‌ಸಿಂಕ್ ಬೇಡ. ಅದರ ಲೋಹದ ಬೆನ್ನು ಮಾತ್ರ ಮೇನ್ಸ್‌ಗೇ ಸೇರಿರುತ್ತದೆ, ಮುಟ್ಟಬೇಡಿ, ಒಂದಕ್ಕೊಂದು ತಾಗಿಸಲೂಬೇಡಿ. ರಿಲೇ ಬೇಕಾದರೆ ಹಾಕಬಹುದು, ಆದರೆ ಟಕಟಕ ಸದ್ದು ಜಾಸ್ತಿ, ಕಾಂಟ್ಯಾಕ್ಟ್ ಬೇಗ ಸವೆಯುತ್ತದೆ.

25 ಪಿನ್ ಎಲ್ಲಿಂದ ತರುವುದು? 74ಎಚ್‌ಸಿ595 ಎಂಬ ಶಿಫ್ಟ್ ರಿಜಿಸ್ಟರ್ ಚಿಪ್ ಒಂದೊಂದಾಗಿ ಬಂದ ಬಿಟ್‌ಗಳನ್ನು ಎಂಟು ಔಟ್‌ಪುಟ್‌ಗೆ ಹಂಚುತ್ತದೆ; ಅಂಥ ನಾಲ್ಕನ್ನು ಸರಪಳಿ ಮಾಡಿದರೆ ಮೂರೇ ಪಿನ್‌ನಿಂದ 32 ಔಟ್‌ಪುಟ್ ಸಿಗುತ್ತವೆ. ಅವುಗಳ ಔಟ್‌ಪುಟ್‌ಗಳನ್ನು ಆನ್-ಆಫ್ ಮಾಡುವ ಓಇ ಪಿನ್‌ಗೆ 10 ಕಿಲೋ ಓಮ್ ಪುಲ್‌ಅಪ್ (5 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಕೊಟ್ಟು ಅದನ್ನು ಕಂಟ್ರೋಲರ್‌ನ ನಾಲ್ಕನೇ ಪಿನ್‌ಗೆ ಸೇರಿಸಿ. ಇಲ್ಲದಿದ್ದರೆ ಪವರ್ ಕೊಟ್ಟ ಕೂಡಲೇ ಬಲ್ಬ್‌ಗಳು ಮನಸ್ಸಿಗೆ ಬಂದಂತೆ ಹೊತ್ತಿಕೊಳ್ಳಬಹುದು.

ಚಿಪ್‌ಗೂ ಟ್ರಯಾಕ್‌ಗೂ ನಡುವೆ ಆಪ್ಟೋಕಪ್ಲರ್ (ವೈರ್ ತಾಗಿಸದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್) ಇರಲೇಬೇಕು. ಇಲ್ಲಿ ಹೆಚ್ಚಿನವರು ಒಂದು ಲೆಕ್ಕ ಮರೆಯುತ್ತಾರೆ. 595 ಚಿಪ್ ಒಟ್ಟು 70 ಮಿಲಿಆಂಪ್ ಮಾತ್ರ ತಾಳುತ್ತದೆ. ಎಂಒಸಿ3061 ಎಂಬ ಆಪ್ಟೋಕಪ್ಲರ್‌ಗೆ 15 ಮಿಲಿಆಂಪ್ ಬೇಕು, ಒಂದು 595ರ ಎಂಟು ಔಟ್‌ಪುಟ್‌ಗೆ 120! ಎಂಒಸಿ3063 ತೆಗೆದುಕೊಳ್ಳಿ, 5 ಸಾಕು. 5 ವೋಲ್ಟ್‌ನಲ್ಲಿ 560 ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 7 ಹರಿಯುತ್ತದೆ, ಎಂಟೂ ಸೇರಿ 56ರ ಒಳಗೇ. ಇದು ಎಸಿ ಸೊನ್ನೆ ದಾಟುವಾಗಷ್ಟೇ ಹೊತ್ತಿಸುವ ಚಿಪ್, ಹಾಗಾಗಿ ಆನ್-ಆಫ್‌ಗೆ ಸರಿ, ಡಿಮ್ಮಿಂಗ್‌ಗೆ ಅಲ್ಲ.

ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣ ಹತ್ತು ಪಟ್ಟು ಕರೆಂಟ್ ಎಳೆಯಬಹುದು, ಎಲ್ಲವನ್ನೂ ಒಟ್ಟಿಗೆ ಹೊತ್ತಿಸದೆ ಕೋಡ್‌ನಲ್ಲೇ ಸಾಲುಸಾಲಾಗಿ ಹೊತ್ತಿಸಿ. ಬೆಸುಗೆಯಿಲ್ಲದೆ ವೈರ್ ಚುಚ್ಚುವ ಬ್ರೆಡ್‌ಬೋರ್ಡ್ ಮೇನ್ಸ್‌ಗಲ್ಲ, ಖಂಡಿತ ಬೇಡ. ಫ್ಯೂಸ್ ಹಾಕಿ, ಬೋರ್ಡ್ ಮೇಲಿನ ಮೇನ್ಸ್ ಟ್ರ್ಯಾಕ್‌ಗೂ (ತಾಮ್ರದ ಗೆರೆ) 5 ವೋಲ್ಟ್ ಟ್ರ್ಯಾಕ್‌ಗೂ ಕನಿಷ್ಠ 8 ಮಿಲಿಮೀಟರ್ ಅಂತರ ಬಿಡಿ, ಲೈವ್ ವೈರನ್ನೇ ಸ್ವಿಚ್ ಮಾಡಿ. ಮೊದಲು ಆಪ್ಟೋ ಜಾಗದಲ್ಲಿ ಸಣ್ಣ ಎಲ್‌ಇಡಿ ಇಟ್ಟು ಕೋಡ್ ಪೂರ್ತಿ ಓಡಿಸಿ ನೋಡಿ. ಆಮೇಲೆ ಒಂದೇ ಬಲ್ಬ್. ಅದು ಸರಿ ಬಂದರೆ ಪ್ಲಗ್ ಕಿತ್ತು, ಉಳಿದವನ್ನು ಜೋಡಿಸಿ.