ಒಂದೇ ಕೆಲಸ ಎರಡು ಸಲ ನಡೆಯುತ್ತಿದ್ದುದನ್ನು ಸರಿಪಡಿಸಿದ ಬಗೆ

ಸಹಕಾರ ಸಂಘವೊಂದರ ಜಾಂಗೋ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಬಳಸಿದ ತಂತ್ರಾಂಶದಲ್ಲಿ ಎಲ್ಲ ಸದಸ್ಯರಿಗೂ ವಾರ್ಷಿಕ ಲೆಕ್ಕಪತ್ರವನ್ನು ಇಮೇಲ್ ಮಾಡುವ ಗುಂಡಿ ಒತ್ತಿದರೆ, ಅದನ್ನು ನಡೆಸುವ ವೆಬ್ ಸರ್ವರ್ ಆದ ಗುನಿಕಾರ್ನ್‌ನ 30 ಸೆಕೆಂಡುಗಳ ಮಿತಿ ಮೀರಿ, ಕೋರಿಕೆಯನ್ನು ನಿರ್ವಹಿಸುವ ವರ್ಕರ್ ಪ್ರಕ್ರಿಯೆ ನಿಂತುಹೋಗುತ್ತಿತ್ತು. ಆ ಮಿತಿಯನ್ನು ಹಿಗ್ಗಿಸುವುದು ಪರಿಹಾರವಲ್ಲವೆನಿಸಿ, ರೆಡಿಸ್ (ಕೆಲಸಗಳ ಸರದಿಯನ್ನು ಹಿಡಿದಿಡುವ ದತ್ತಸಂಗ್ರಹ) ಮೂಲಕ ಕೆಲಸವನ್ನು ಸೆಲೆರಿಗೆ (ಹಿನ್ನೆಲೆಯಲ್ಲಿ ಕೆಲಸ ನಡೆಸುವ ತಂತ್ರಾಂಶ) ಒಪ್ಪಿಸಿ, ಬ್ರೌಸರ್‌ಗೆ ಆ ಕೆಲಸದ ಗುರುತಾದ ಟಾಸ್ಕ್ ಐಡಿಯನ್ನಷ್ಟೇ ಕೂಡಲೇ ಹಿಂದಿರುಗಿಸಿದೆ.

ಆಗ ಕೆಲವರಿಗೆ ಒಂದೇ ಪತ್ರ ಎರಡು ಸಲ ತಲುಪಿತು. ಹಣದ ಲೆಕ್ಕವಾದ್ದರಿಂದ ಇದು ನನ್ನನ್ನು ಬಹಳ ಕಾಡಿತು. ಲಾಗ್ ತೆರೆದರೆ, ಅದೇ ಐಡಿ ಸುಮಾರು ಒಂದು ಗಂಟೆಯ ಅಂತರದಲ್ಲಿ ಮತ್ತೆ ಆರಂಭವಾಗಿತ್ತು. ಕೆಲಸ ಮುಗಿದ ಮೇಲಷ್ಟೇ ಸೆಲೆರಿ ರೆಡಿಸ್‌ಗೆ ಸ್ವೀಕೃತಿ ಕಳುಹಿಸುವಂತೆ ನಾನು ಹೊಂದಿಸಿದ್ದೆ. ರೆಡಿಸ್ ಬಳಸುವಾಗ ಸೆಲೆರಿಯ ವಿಸಿಬಿಲಿಟಿ ಟೈಮ್‌ಔಟ್ (ಸ್ವೀಕೃತಿಗಾಗಿ ಕಾಯುವ ಅವಧಿ) ನಾವು ಬದಲಿಸದಿದ್ದರೆ 3600 ಸೆಕೆಂಡು, ಅಷ್ಟರೊಳಗೆ ಸ್ವೀಕೃತಿ ಬಾರದ ಕೆಲಸ ಮರಳಿ ಸರದಿಗೆ ಸೇರುತ್ತದೆ. ಅದನ್ನು 4 ಗಂಟೆಗೆ ಏರಿಸಿದೆ. ಜೊತೆಗೆ, ಪತ್ರ ಹೋದೊಡನೆ ಡೇಟಾಬೇಸ್‌ನಲ್ಲಿ ಗುರುತು ಹಾಕಿ, ಮುಂದೆ ಕಳುಹಿಸುವ ಮುನ್ನ ಅದನ್ನು ನೋಡುವಂತೆ ಮಾಡಿದೆ.