ದ್ವೀಪದಿಂದ ದ್ವೀಪಕ್ಕೆ ಫ್ಲೈಟ್ ಓಡಿಸ್ಬೇಕಾ? ಮೊದ್ಲು ಇದನ್ನ ನೋಡ್ಕೊಳ್ಳಿ

ಹವಾಯಿ ಥರ ಜಾಗದಲ್ಲಿ ಏರ್‌ಲೈನ್ ನಡೆಸೋದು ಅಂದ್ರೆ ಹೆಚ್ಚುಕಮ್ಮಿ ಸಿಟಿ ಬಸ್ ಓಡಿಸಿದ ಹಾಗೆ, ರಾಜಧಾನಿ ಹೊನೊಲುಲುವಿಂದ ಮಾವಿ ದ್ವೀಪದ ಕಹುಲುಯಿಗೆ ಸುಮಾರು 160 ಕಿ.ಮೀ., ಜ್ಯೂಸ್ ಕೊಟ್ಟು ಕಪ್ ವಾಪಸ್ ತಗೊಳ್ಳೋಷ್ಟರಲ್ಲಿ ಇಳಿಯೋ ಟೈಮ್ ಆಗಿರುತ್ತೆ.

ಹಳೇ ವಿಮಾನ ಕೊಳ್ತಿದ್ರೆ ಎಷ್ಟು ಗಂಟೆ ಹಾರಿದೆ ಅಂತ ಮಾತ್ರ ಕೇಳ್ಬೇಡಿ, ಎಷ್ಟು ಸಲ ಏರಿ ಇಳಿದಿದೆ ಅಂತ ಕೇಳಿ. ಪ್ರತಿ ಸಲ ಕ್ಯಾಬಿನ್ ಒಳಗೆ ಒತ್ತಡ ಏರಿ ಇಳಿಯುವಾಗ ಬಾಡಿ ಬಲೂನ್ ಥರ ಒಂಚೂರು ಉಬ್ಬಿ ಕುಗ್ಗುತ್ತೆ, ಜೊತೆಗೆ ಸಮುದ್ರದ ಉಪ್ಪುಗಾಳಿ ಬೇರೆ, ತಗಡಿನ ಜಾಯಿಂಟ್ ಒಳಗೇ ತಿಂದು ಹಾಕುತ್ತೆ. 1988ರ ಏಪ್ರಿಲ್ 28ಕ್ಕೆ ಹವಾಯಿಯದೇ ಅಲೋಹಾ ಏರ್‌ಲೈನ್ಸ್‌ನ 243ನೇ ಫ್ಲೈಟ್, 24,000 ಅಡಿ ಮೇಲೆ ಮುಂಭಾಗದ ಚಾವಣಿನೇ ಕಿತ್ಕೊಂಡು ಹೋಯ್ತು, ಒಬ್ಬ ಗಗನಸಖಿ ತೀರಿಕೊಂಡ್ರು. ಆ ಬೋಯಿಂಗ್ 737 ವಿಮಾನ ಅಲ್ಲೀವರೆಗೆ ಹಾರಿದ್ದು 35,496 ಗಂಟೆ, ಆದ್ರೆ ಟ್ರಿಪ್ಪು 89,680! ಅಂದ್ರೆ ಸರಾಸರಿ 24 ನಿಮಿಷಕ್ಕೊಂದು, ಲೆಕ್ಕ ಹಾಕಿ ನೋಡಿ. ಅದಕ್ಕೇ ರಿವೆಟ್ ಸಾಲುಗಳನ್ನ ಹಗಲು ಬೆಳಕಲ್ಲಿ, ಪುರುಸೊತ್ತಾಗಿ ಚೆಕ್ ಮಾಡಿಸಿ, ಎಂಜಿನ್‌ಗೆ ಸಿಹಿನೀರಿನ ವಾಶ್ ತಪ್ಪಿಸ್ಬೇಡಿ.

ಟೈಮ್‌ಟೇಬಲ್ ಬಿಗಿ ಮಾಡೋಕೆ ಹೋಗ್ಬೇಡಿ. ಬೆಳಗ್ಗೆ ಒಂದು ಟ್ರಿಪ್ 20 ನಿಮಿಷ ಲೇಟಾದ್ರೆ ಸಂಜೆವರೆಗೂ ಎಲ್ಲಾ ಲೇಟು, ಹಾಗಾಗಿ ಒಂದು ವಿಮಾನ ಸ್ಪೇರ್ ಇಟ್ಕೊಳ್ಳಿ, ದುಡ್ಡು ದಂಡ ಅನ್ಸುತ್ತೆ, ಪರವಾಗಿಲ್ಲ.

ಟಿಕೆಟ್ ರೇಟ್ ಮಾತ್ರ ಹುಷಾರು. 2006ರಲ್ಲಿ 'ಗೋ!' ಅನ್ನೋ ಕಂಪನಿ 39 ಡಾಲರಿಗೆ ಟಿಕೆಟ್ ಇಟ್ಕೊಂಡು ಬಂತು, 2008ರ ಮಾರ್ಚಲ್ಲಿ ಅಲೋಹಾ ಪ್ಯಾಸೆಂಜರ್ ಸರ್ವಿಸ್ ಬಾಗಿಲು ಹಾಕ್ತು, 2014ಕ್ಕೆ ಗೋ! ಕೂಡ ಹೋಯ್ತು.