ಟ್ಯಾಂಕರ್ ಎಲ್ಲರದ್ದು, ಮಾರ್ಕ್ಸ್ ತಂಡದ್ದು

ಪುಣೆಯ ಒಂದು ಎಂಬಿಎ ಕಾಲೇಜಿನಲ್ಲಿ ಆಪರೇಷನ್ಸ್ ಪಾಠ ಮಾಡುತ್ತೇನೆ. ನೆರೆ ಪರಿಹಾರದ ಲಾಜಿಸ್ಟಿಕ್ಸ್, ಅಂದರೆ ಸಾಮಾನು ಸಾಗಿಸುವ ಲೆಕ್ಕಾಚಾರ ಕಲಿಸುವಾಗ ಹುಡುಗರನ್ನು ತಂಡ ಮಾಡಿ ಪೈಪೋಟಿಗೆ ಬಿಡುತ್ತೇನೆ. ಕೇಸ್, ಅಂದರೆ ಪಾಠಕ್ಕೆ ಬೇಕಾದ ನಿಜ ಘಟನೆ, ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಪಂಚಗಂಗಾ ಉಕ್ಕಿ ಸಾಂಗ್ಲಿ, ಕೊಲ್ಹಾಪುರಗಳಿಗೆ ನೀರು ನುಗ್ಗಿತ್ತು. ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಹತ್ತಿರ ದಿನಗಟ್ಟಲೆ ಬಂದ್. ಬೆಳಗಾವಿ ಕಡೆಯವರಿಗೆ ಅದು ಊರಿಗೆ ಹೋಗೋ ದಾರಿ, ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಶಿಬಿರಗಳಲ್ಲಿ 5,000 ಜನ ಇದ್ದಾರೆ ಅಂದುಕೊಳ್ಳಿ, ಅವರಿಗೆ ನೀರು ಮುಟ್ಟಿಸಿ ಅನ್ನುತ್ತೇನೆ. ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಅನ್ನುವುದು ಸ್ಫಿಯರ್ ಮಾನದಂಡ, ಅಂದರೆ ಪರಿಹಾರ ಕೆಲಸಕ್ಕೆ ಇರುವ ಅಂತರರಾಷ್ಟ್ರೀಯ ಅಳತೆ. ಒಟ್ಟು 75,000 ಲೀಟರ್. 10,000 ಲೀಟರಿನ ಟ್ಯಾಂಕರ್ ಎಂಟು ಟ್ರಿಪ್ ಹೊಡೆಯಬೇಕು. ಇಷ್ಟನ್ನು ಎಲ್ಲರೂ ಸುಲಭವಾಗಿ ಮಾಡುತ್ತಾರೆ. ಆಮೇಲೆ ಒಂದು ತಂಡದ ಕೈಗೆ ಮಾತ್ರ ಚೀಟಿ ಕೊಡುತ್ತೇನೆ: 'ಈ ಸೇತುವೆ ಮುಳುಗಿದೆ.'

ಬಿಸಿನೆಸ್ ಓದುವವರ ಕಣ್ಣು ಮೊದಲು ಖರ್ಚಿನ ಮೇಲೆ. ಹೆದ್ದಾರಿ ಪಕ್ಕದ ಶಿಬಿರಕ್ಕೇ ಟ್ಯಾಂಕರ್ ಕಳಿಸಿದರೆ ಲೀಟರಿಗೆ ಬೀಳುವ ಖರ್ಚು ಕಡಿಮೆ, ಒಳಗಿನ ಹಳ್ಳಿ ಬಾಯಾರಿ ಕೂರುತ್ತದೆ. ಅದಕ್ಕೇ ಖರ್ಚು ಉಳಿಸಿದ್ದಕ್ಕೆ ನನ್ನಲ್ಲಿ ಕಡಿಮೆ ಮಾರ್ಕ್ಸ್. ಒಂದು ಹಳ್ಳಿ ತಪ್ಪಿದರೂ ಜಾಸ್ತಿ ಕಟ್. ಟ್ಯಾಂಕರ್‌ಗಳು ಎಲ್ಲ ತಂಡಗಳಿಗೂ ಸೇರಿ ಇಷ್ಟೇ ಅಂತ ಮೊದಲೇ ಹೇಳಿರುತ್ತೇನೆ. ರಸ್ತೆಯ ಸುದ್ದಿಯನ್ನು ಬೇರೆ ತಂಡಕ್ಕೆ ಕೊಟ್ಟವರಿಗೆ ಬೋನಸ್. ಈ ಬೋನಸ್ ಇಲ್ಲದಿದ್ದರೆ ಇಂಥ ಪೈಪೋಟಿ ಇಡಲೇಬಾರದು. ಚೀಟಿ ಸಿಕ್ಕವರು ಬಾಯಿ ಮುಚ್ಚಿಕೊಂಡರೆ ಉಳಿದವರ ಟ್ಯಾಂಕರೆಲ್ಲ ಆ ಸೇತುವೆ ಮುಂದೆ ಸಾಲು ನಿಲ್ಲುತ್ತವೆ. ನಿಜವಾದ ನೆರೆಯಲ್ಲಿ ಹಾಗೆ ನಿಂತರೆ ಯಾರು ಗೆದ್ದಂತೆ?

ಒಂದು ಸಲ ಚಿಕ್ಕೋಡಿ ಕಡೆಯ ಹುಡುಗಿ ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು: "ಸರ್, ಎಮ್ಮಿಗೆ ನೀರು ಎಲ್ಲೈತ್ರಿ ಇದರಾಗ?" ಅದನ್ನು ನಾನು ಮರಾಠಿಯಲ್ಲಿ ಹೇಳಿದ ಮೇಲೆ ಪುಣೆಯ ಹುಡುಗರು ನಕ್ಕರು. ಅವಳು ಬಿಡಲಿಲ್ಲ. "ದನಾ ಬಿಟ್ಟು ನಮ್ಮ ಮಂದಿ ಮನಿ ಬಿಡೂದಿಲ್ರಿ. ಎಮ್ಮಿಗೆ ಜಾಗಾ ಇಲ್ಲಂದ್ರ ಶಿಬಿರಕ್ಕ ಯಾರೂ ಬರೂದಿಲ್ಲ."

ಹಾಲು ಕೊಡುವ ಎಮ್ಮೆಗೆ ದಿನಕ್ಕೆ 50 ಲೀಟರ್ ಅಂತ ಹಿಡಿದರೂ ಮೂರು ಜನರ ಪಾಲಿಗಿಂತ ಜಾಸ್ತಿ. ಸಾವಿರ ಎಮ್ಮೆ ಅಂದರೆ ಇನ್ನೂ ಐದು ಟ್ರಿಪ್. ಮೇವಿನ ಲಾರಿ ಬೇರೆ. ನಗುತ್ತಿದ್ದವರೆಲ್ಲ ಲೆಕ್ಕ ಅಳಿಸಿ ಮತ್ತೆ ಕೂತರು. ಈಗಲೂ ಕೇಸಿನಲ್ಲಿ ದನಗಳ ಸಂಖ್ಯೆ ಬರೆದಿರುವುದಿಲ್ಲ. ಬಂದು ಕೇಳಿದ ತಂಡಕ್ಕೆ ಮಾತ್ರ ಕೊಡುತ್ತೇನೆ.